ಬೇಸಿಗೆಯಲ್ಲಿ ಸ್ವೀಡಿಷ್ ಕಲಿಯಲು ಹೊರಡುವವರಿಗೆ: ತಿಂಗಳು, ಊರು ಮತ್ತು ತಯಾರಿ

ಪ್ರಶ್ನೆ: ನಾನು ಧಾರವಾಡದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಕೆಲವು ತಿಂಗಳಿಂದ ಮೊಬೈಲ್ ಆ್ಯಪ್ ಹಾಕಿಕೊಂಡು ಸ್ವೀಡಿಷ್ ಕಲಿಯುತ್ತಿದ್ದೇನೆ. ಮುಂದಿನ ವರ್ಷ ಜೂನ್‌ನಿಂದ ಆಗಸ್ಟ್ ಒಳಗೆ ಸ್ವೀಡನ್ನಿಗೆ ಹೋಗಿ, ಭಾಷೆಯ ಜೊತೆಗೆ ಅಲ್ಲಿನ ಸಂಸ್ಕೃತಿಯನ್ನೂ ತಿಳಿಸುವ ಕೋರ್ಸ್ ಮಾಡಬೇಕೆಂಬ ಆಸೆಯಿದೆ. ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುವುದರಿಂದ ಅಷ್ಟು ಹಣ ಸುರಿದು ಹೋಗುವುದು ವ್ಯರ್ಥವೆಂದು ಸ್ನೇಹಿತರು ಹೇಳುತ್ತಿದ್ದಾರೆ. ಹೋಗಬಹುದೇ? ಹೋಗುವುದಾದರೆ ಎಲ್ಲಿಗೆ, ಯಾವ ಬಗೆಯ ಕೋರ್ಸಿಗೆ? ವೀಸಾ ಮತ್ತು ಸಸ್ಯಾಹಾರದ ಬಗ್ಗೆಯೂ ತಿಳಿಸಿ.

ಉತ್ತರ: ನಿಮ್ಮ ಸ್ನೇಹಿತರ ಮಾತಿನ ಮೊದಲರ್ಧ ನಿಜ. ಸ್ವೀಡನ್ನಿನ ಶಾಲೆಗಳಲ್ಲಿ ಇಂಗ್ಲಿಷ್ ಕಡ್ಡಾಯ ವಿಷಯ. ದೊಡ್ಡವರು ನೋಡುವ ವಿದೇಶಿ ಚಿತ್ರಗಳಿಗೂ ಧಾರಾವಾಹಿಗಳಿಗೂ ಅಲ್ಲಿ ಡಬ್ಬಿಂಗ್ ಮಾಡುವುದಿಲ್ಲ, ಅಡಿಬರಹ ಹಾಕಿ ಮೂಲದ ದನಿಯಲ್ಲೇ ತೋರಿಸುತ್ತಾರೆ. ಹೀಗಾಗಿ ಅಂಗಡಿಯ ಹುಡುಗನಿಂದ ಹಿಡಿದು ಬಸ್ ಚಾಲಕನವರೆಗೆ ಯಾರೇ ಆದರೂ ನಿಮ್ಮ ಉಚ್ಚಾರಣೆಯಲ್ಲಿ ಒಂದಿಷ್ಟು ತಡವರಿಕೆ ಕಂಡ ಕೂಡಲೇ, ನಿಮಗೆ ಉಪಕಾರ ಮಾಡುವ ಸದ್ಭಾವದಿಂದಲೇ, ಇಂಗ್ಲಿಷಿಗೆ ಹೊರಳಿಬಿಡುತ್ತಾರೆ. ಆದರೆ ಇದರಿಂದ ಹೋಗುವುದೇ ವ್ಯರ್ಥ ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಏನೂ ತಯಾರಿಯಿಲ್ಲದೆ ಸ್ಟಾಕ್‌ಹೋಮಿಗೆ ಹೋಗಿ ಮೊದಲ ಪಾಠದಿಂದ ಆರಂಭಿಸುವವರಿಗೆ ಮಾತ್ರ ಅದು ವ್ಯರ್ಥವಾದೀತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆರಂಭದ ಹಂತವನ್ನು ಮನೆಯಲ್ಲೇ ಮುಗಿಸಿಕೊಳ್ಳಿ, ಮಾತನಾಡುವುದಕ್ಕೆಂದೇ ಅಲ್ಲಿಗೆ ಹೋಗಿ, ಕೋರ್ಸಿನ ಹೆಸರಿಗಿಂತ ಊರಿನ ಗಾತ್ರವನ್ನೂ ತಿಂಗಳನ್ನೂ ಹೆಚ್ಚು ಯೋಚಿಸಿ ಆರಿಸಿಕೊಳ್ಳಿ.

ಲೆಕ್ಕ ಹೀಗಿದೆ. ಅಮೆರಿಕದ ರಾಯಭಾರಿಗಳಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಸ್ವೀಡಿಷ್ ಭಾಷೆಯನ್ನು ಇಂಗ್ಲಿಷ್ ಬಲ್ಲವರಿಗೆ ಸುಲಭವಾದ ಭಾಷೆಗಳ ಗುಂಪಿಗೆ ಸೇರಿಸಿದೆ. ಹಾಗಿದ್ದೂ ಕಚೇರಿಯ ಕೆಲಸ ನಿಭಾಯಿಸುವ ಮಟ್ಟಕ್ಕೆ ಬರಲು 600ರಿಂದ 750 ಗಂಟೆಗಳ ತರಗತಿ ಬೇಕೆಂದು ಅದು ಹೇಳುತ್ತದೆ. ವಾರಕ್ಕೆ 20 ಗಂಟೆಗಳ ಪಾಠವಿರುವ ನಾಲ್ಕು ವಾರಗಳ ಕೋರ್ಸಿನಲ್ಲಿ ನಿಮಗೆ ಸಿಗುವುದು 80 ಗಂಟೆ ಮಾತ್ರ. ಈ 80 ಗಂಟೆಗಳನ್ನು ಅಕ್ಷರ, ಅಂಕಿ, ‘ನನ್ನ ಹೆಸರು’ ಎಂಬಲ್ಲಿಂದ ಶುರುಮಾಡಿದರೆ ಕೋರ್ಸ್ ಮುಗಿಯುವ ಹೊತ್ತಿಗೆ ನೀವು ಧಾರವಾಡದಲ್ಲೇ ತಲುಪಬಹುದಾಗಿದ್ದ ಹಂತದಲ್ಲಿರುತ್ತೀರಿ, ಕೈಯಲ್ಲಿದ್ದ ಹಣ ಮಾತ್ರ ಕರಗಿರುತ್ತದೆ. ಅದೇ, ಯುರೋಪಿನ ಅಳತೆಗೋಲಿನ ಎ2 ಹಂತದ ಹತ್ತಿರಕ್ಕೆ, ಅಂದರೆ ದಿನನಿತ್ಯದ ಸರಳ ಸಂಭಾಷಣೆಯನ್ನು ತಡವರಿಸಿಯಾದರೂ ನಡೆಸಬಲ್ಲ ಮಟ್ಟಕ್ಕೆ ಬಂದು ಹೋದವರಿಗೆ ತರಗತಿಯ ಹೊರಗಿನ ಗಂಟೆಗಳೂ ಪಾಠವೇ ಆಗುತ್ತವೆ. ಬೇಸಿಗೆ ಕೋರ್ಸಿನ ನಿಜವಾದ ಲಾಭ ಅಲ್ಲಿದೆ.

ಇನ್ನು ತಿಂಗಳ ವಿಚಾರ. ನಮ್ಮಲ್ಲಿ ಮಳೆಗಾಲವಾಗಿರುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳೇ ಸ್ವೀಡನ್ನಿನ ಬೇಸಿಗೆ. ನಿಮ್ಮ ವಿಶ್ವವಿದ್ಯಾಲಯದ ಪರೀಕ್ಷೆಗಳು ಆ ಅವಧಿಗೆ ಅಡ್ಡ ಬರುತ್ತವೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ, ಏಕೆಂದರೆ ಯುರೋಪ್ ಅಮೆರಿಕಗಳ ವಿದ್ಯಾರ್ಥಿಗಳ ರಜೆಯನ್ನು ಗಮನಿಸಿ ರೂಪಿಸಿದ ಈ ಕೋರ್ಸುಗಳ ವೇಳಾಪಟ್ಟಿ ನಮ್ಮ ಸೆಮಿಸ್ಟರ್‌ಗಳಿಗೆ ಹೊಂದುವುದು ಕಡಿಮೆ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. 1977ರ ರಜಾ ಕಾನೂನಿನ ಪ್ರಕಾರ ಸ್ವೀಡನ್ನಿನ ಉದ್ಯೋಗಿಗಳಿಗೆ ವರ್ಷಕ್ಕೆ ಕನಿಷ್ಠ 25 ದಿನಗಳ ರಜೆ ಇರುತ್ತದೆ ಮತ್ತು ಅದರಲ್ಲಿ ನಾಲ್ಕು ವಾರಗಳನ್ನು ಜೂನ್‌ನಿಂದ ಆಗಸ್ಟ್ ಒಳಗೆ ಒಟ್ಟಿಗೆ ಪಡೆಯುವ ಹಕ್ಕಿರುತ್ತದೆ. ಪರಿಣಾಮವಾಗಿ ಜುಲೈ ತಿಂಗಳಿನಲ್ಲಿ ದೊಡ್ಡ ಊರುಗಳ ಬಡಾವಣೆಗಳು ಖಾಲಿಯಾಗುತ್ತವೆ. ಕಚೇರಿಗಳಲ್ಲಿ ಫೋನ್ ಎತ್ತುವವರಿರುವುದಿಲ್ಲ, ಸಣ್ಣ ಹೋಟೆಲುಗಳ ಬಾಗಿಲಿಗೆ ‘ಆಗಸ್ಟಿನಲ್ಲಿ ಸಿಗೋಣ’ ಎಂಬ ಚೀಟಿ ಅಂಟಿರುತ್ತದೆ, ಗ್ರಂಥಾಲಯಗಳಲ್ಲಿ ಹೊರಗಿನವರು ಬಂದು ಸ್ವೀಡಿಷ್ ಮಾತನಾಡಿ ಅಭ್ಯಾಸ ಮಾಡಲೆಂದು ಉಚಿತವಾಗಿ ನಡೆಸುವ ‘ಸ್ಪ್ರೋಕ್‌ಕಫೆ’ಗಳು ಕೂಡ ಬಹುಪಾಲು ಕಡೆ ರಜೆ ಹಾಕಿರುತ್ತವೆ. ಜುಲೈನಲ್ಲಿ ಸ್ಟಾಕ್‌ಹೋಮಿನ ನಡುಭಾಗದಲ್ಲಿ ನಿಂತರೆ ಕಿವಿಗೆ ಬೀಳುವುದು ಪ್ರವಾಸಿಗರ ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್. ಸ್ವೀಡಿಷ್ ಮಾತನಾಡುವವರೆಲ್ಲ ಕೆರೆ ದಂಡೆಯ ಕೆಂಪು ಮರದ ಮನೆಗಳಿಗೆ ಹೋಗಿರುತ್ತಾರೆ. ಆದ್ದರಿಂದ ನಿಮಗೆ ಆಯ್ಕೆಯಿದ್ದರೆ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಿರಿ: ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ ಸಣ್ಣ ಊರಿನಲ್ಲಿ ಇರಿ, ಇಲ್ಲವೇ ಶಾಲೆಗಳು ಮತ್ತೆ ತೆರೆದು ಊರು ತುಂಬಿಕೊಳ್ಳುವ ಆಗಸ್ಟಿನಲ್ಲಿ ವಿಶ್ವವಿದ್ಯಾಲಯದ ಊರಿಗೆ ಹೋಗಿ. ಜುಲೈ ತಿಂಗಳಿಡೀ ರಾಜಧಾನಿಯಲ್ಲಿ ಕಳೆಯುವುದನ್ನು ಮಾತ್ರ ನಾನು ಯಾರಿಗೂ ಸೂಚಿಸುವುದಿಲ್ಲ.

ಕೋರ್ಸುಗಳಲ್ಲಿ ಕೆಲವು ಬಗೆಗಳಿವೆ. ಉಪ್ಸಾಲಾದಲ್ಲಿ 1962ರಲ್ಲಿ ಆರಂಭವಾದ ಉಪ್ಸಾಲಾ ಇಂಟರ್‌ನ್ಯಾಷನಲ್ ಸಮ್ಮರ್ ಸೆಷನ್ ವಿದೇಶಿಯರಿಗೆ ಭಾಷೆ, ಇತಿಹಾಸ, ಸಾಹಿತ್ಯ, ಸಮಾಜ ಇವನ್ನೆಲ್ಲ ಒಟ್ಟಿಗೆ ಕಲಿಸುವ ಬೇಸಿಗೆ ಕಾರ್ಯಕ್ರಮವಾಗಿ ಬಹಳ ಕಾಲದಿಂದ ಹೆಸರಾಗಿದೆ. ನೀವು ಕೇಳುವ ‘ಭಾಷೆಯ ಜೊತೆಗೆ ಸಂಸ್ಕೃತಿ’ ಎಂಬ ಬೇಡಿಕೆಗೆ ಅದು ನೇರವಾಗಿ ಹೊಂದುತ್ತದೆ, ಆದರೆ ನೀವು ಹೋಗುವ ವರ್ಷದ ದಿನಾಂಕ, ಹಂತ, ಶುಲ್ಕಗಳನ್ನು ಅವರಿಂದಲೇ ಖಚಿತಪಡಿಸಿಕೊಳ್ಳಬೇಕು. ವಯಸ್ಕರ ಶಿಕ್ಷಣಸಂಸ್ಥೆಯಾದ ಫೋಲ್ಕ್‌ಯೂನಿವರ್ಸಿತೇತೆತ್ ಹಲವು ನಗರಗಳಲ್ಲಿ ತೀವ್ರಗತಿಯ ಸ್ವೀಡಿಷ್ ತರಗತಿಗಳನ್ನು ನಡೆಸುತ್ತದೆ. ಅಲ್ಲಿ ಪಾಠ ಗಟ್ಟಿಯಾಗಿರುತ್ತದೆ, ಆದರೆ ಸಂಜೆಯಾದ ಮೇಲೆ ನಿಮ್ಮ ಪಾಡು ನಿಮ್ಮದು. ಲುಂದ್ ವಿಶ್ವವಿದ್ಯಾಲಯ ಆಗಸ್ಟಿನಲ್ಲಿ ನಡೆಸುವ ಪರಿಚಯದ ಕೋರ್ಸ್ ಅಲ್ಲಿಗೆ ಸೆಮಿಸ್ಟರ್ ಓದಲು ಬರುವ ವಿದೇಶಿ ವಿದ್ಯಾರ್ಥಿಗಳಿಗಾಗಿ ಇರುವಂಥದ್ದು, ಹೊರಗಿನವರಿಗಲ್ಲ. ಸ್ವೀಡನ್ನಿನ ವಲಸಿಗರಿಗೆ ಸರಕಾರ ಉಚಿತವಾಗಿ ಕಲಿಸುವ ಎಸ್‌ಎಫ್‌ಐ ತರಗತಿಗಳ ಬಗ್ಗೆ ನೀವು ಕೇಳಿರಬಹುದು. ಅವು ಅಲ್ಲಿ ವಾಸಕ್ಕೆ ನೋಂದಾಯಿಸಿಕೊಂಡವರಿಗೆ ಮಾತ್ರ. ಬೇಸಿಗೆಗೆ ಬಂದು ಹೋಗುವವರಿಗೆ ಸಿಗುವುದಿಲ್ಲ. ಗೋಥೆನ್‌ಬರ್ಗ್, ಸ್ಟಾಕ್‌ಹೋಮ್‌ಗಳಲ್ಲಿ ಕೆಲಸದಲ್ಲಿರುವ ಕನ್ನಡಿಗರು ‘ಅಲ್ಲಿ ಭಾಷೆ ಪುಕ್ಕಟೆ ಕಲಿಸುತ್ತಾರೆ’ ಎಂದು ಹೇಳುವುದು ಈ ತರಗತಿಗಳನ್ನೇ ಕುರಿತು.

1945ರಲ್ಲಿ ಸ್ಥಾಪನೆಯಾದ ಸ್ವೀಡಿಷ್ ಇನ್‌ಸ್ಟಿಟ್ಯೂಟ್ ಎಂಬ ಸರಕಾರಿ ಸಂಸ್ಥೆಯ ಬೇಸಿಗೆ ಕೋರ್ಸುಗಳೂ ಇವೆ. ಅವು ಸ್ವೀಡನ್ನಿನ ಹೊರಗಿನ ವಿಶ್ವವಿದ್ಯಾಲಯಗಳಲ್ಲಿ ಸ್ವೀಡಿಷ್ ಭಾಷೆಯನ್ನು ವಿಷಯವಾಗಿ ಓದುತ್ತಿರುವವರಿಗೆ ಮೀಸಲು. ಜಗತ್ತಿನ ಸುಮಾರು 200 ವಿಶ್ವವಿದ್ಯಾಲಯಗಳಲ್ಲಿ ಅಂಥ ಬೋಧನೆ ಇದೆ. ನೀವು ಆ್ಯಪ್ ಮೂಲಕ ಕಲಿಯುತ್ತಿರುವವರಾದ್ದರಿಂದ ಆ ಬಾಗಿಲು ಸದ್ಯಕ್ಕೆ ನಿಮಗೆ ತೆರೆದಿಲ್ಲ. ಆದರೆ ಮುಂದೆ ಜರ್ಮನಿಗೋ ಅಮೆರಿಕಕ್ಕೋ ಉನ್ನತ ವ್ಯಾಸಂಗಕ್ಕೆ ಹೋಗುವ ಯೋಚನೆಯಿದ್ದರೆ, ಹೋಗುವ ವಿಶ್ವವಿದ್ಯಾಲಯದಲ್ಲಿ ಸ್ವೀಡಿಷ್ ವಿಭಾಗವಿದೆಯೇ ನೋಡಿಕೊಳ್ಳಿ. ಆಗ ಈ ಕೋರ್ಸುಗಳಿಗೆ ಅರ್ಜಿ ಹಾಕುವ ದಾರಿ ತೆರೆಯುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಫೋಲ್ಕ್‌ಹೋಗ್‌ಸ್ಕೂಲಾ ಎಂಬ ವ್ಯವಸ್ಥೆ. ಡೆನ್ಮಾರ್ಕಿನ ಚಿಂತಕ ಗ್ರುಂಟ್ವಿಗ್‌ನ ಪ್ರೇರಣೆಯಿಂದ 1844ರಲ್ಲಿ ಅಲ್ಲಿ ಹುಟ್ಟಿದ ಈ ಜನಸಾಮಾನ್ಯರ ವಸತಿಶಾಲೆ 1868ರಲ್ಲಿ ಸ್ವೀಡನ್ನಿಗೆ ಬಂತು. ರೈತರ ಮಕ್ಕಳು ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ಬಂದು ಇತಿಹಾಸ, ಆಡಳಿತ, ಬರವಣಿಗೆ ಕಲಿತು ಹೋಗಲಿ ಎಂಬುದು ಮೂಲದ ಉದ್ದೇಶ. ಈಗ ದೇಶದಲ್ಲಿ ಸುಮಾರು 150 ಇಂಥ ಶಾಲೆಗಳಿವೆ, ಅವುಗಳಲ್ಲಿ ಹಲವು ಊರಿನಿಂದ ದೂರ, ಕೆರೆ ಕಾಡುಗಳ ಮಗ್ಗುಲಲ್ಲಿವೆ. ಇಲ್ಲಿ ಅಂಕಪಟ್ಟಿಯ ಹಾವಳಿಯಿಲ್ಲ. ನೇಯ್ಗೆ, ಬಡಗಿ ಕೆಲಸ, ಜಾನಪದ ಸಂಗೀತ, ರಂಗಭೂಮಿ ಕಲಿಯಲು ಬಂದ ಸ್ವೀಡಿಷರೇ ನಿಮ್ಮ ಊಟದ ಮೇಜಿನ ಸಂಗಾತಿಗಳು. ವರ್ಷವಿಡೀ ನಡೆಯುವ ದೀರ್ಘ ಕೋರ್ಸುಗಳಿಗೆ ಬೋಧನಾ ಶುಲ್ಕವಿರುವುದಿಲ್ಲ. ಬೇಸಿಗೆಯ ಒಂದೆರಡು ವಾರಗಳ ಕಿರು ಕೋರ್ಸುಗಳಿಗೆ ಮಾತ್ರ ಶುಲ್ಕವೂ ಊಟ ವಸತಿಗಳ ವೆಚ್ಚವೂ ಇರುತ್ತವೆ. ನಾನು ಕಂಡಂತೆ, ಭಾಷಾ ಶಾಲೆಯಲ್ಲಿ ಮೂರು ನಾಲ್ಕು ವಾರ ಕಲಿತು, ಅದರ ಬೆನ್ನಿಗೇ ಇಂಥ ಶಾಲೆಯಲ್ಲಿ ಸ್ವೀಡಿಷರಿಗೆಂದೇ ಏರ್ಪಡಿಸಿದ ಒಂದು ವಾರದ ನೇಯ್ಗೆಯ ಅಥವಾ ಹಾಡಿನ ಶಿಬಿರಕ್ಕೆ ಸೇರಿಕೊಂಡವರಿಗೆ ಆ ಕೊನೆಯ ವಾರದಲ್ಲಿ ಬಂದ ಮಾತು ಹಿಂದಿನ ವಾರಗಳಲ್ಲೆಲ್ಲ ಬಂದದ್ದಕ್ಕಿಂತ ಹೆಚ್ಚು. ಕೈ ಕೆಲಸದಲ್ಲಿ ತೊಡಗಿದಾಗ ವಾಕ್ಯ ತಪ್ಪೀತೆಂಬ ಅಂಜಿಕೆ ಕಡಿಮೆಯಾಗುತ್ತದೆ, ಪಕ್ಕದವರಿಗೂ ನಿಮ್ಮೊಡನೆ ಮಾತನಾಡಲು ಒಂದು ವಿಷಯ ಸಿಕ್ಕಿರುತ್ತದೆ. ಹೊರದೇಶದವರನ್ನು ಅಂಥ ಶಿಬಿರಕ್ಕೆ ಸೇರಿಸಿಕೊಳ್ಳುವುದು ಆಯಾ ಶಾಲೆಗೆ ಬಿಟ್ಟದ್ದು. ಜನವರಿಯಲ್ಲೇ ಒಂದು ಪತ್ರ, ಅದೂ ಸ್ವೀಡಿಷ್‌ನಲ್ಲಿ, ತಪ್ಪುಗಳಿದ್ದರೂ ಪರವಾಗಿಲ್ಲ, ಬರೆದು ಕೇಳಿ.

ಈಗ ಭಾಷೆಗೇ ಬರೋಣ, ಏಕೆಂದರೆ ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದ್ದು ಅದನ್ನು ಯಾವ ಪಠ್ಯಪುಸ್ತಕವೂ ನಿಮಗೆ ಹೇಳುವುದಿಲ್ಲ. ಸ್ಟಾಕ್‌ಹೋಮ್ ಉಪ್ಸಾಲಾಗಳ ಕಡೆಯ, ಅಂದರೆ ಮಧ್ಯ ಸ್ವೀಡನ್ನಿನ ಉಚ್ಚಾರಣೆಯಲ್ಲಿ ‘ರ್’ ಆದ ಮೇಲೆ ತ, ದ, ನ, ಲ, ಸ ಬಂದರೆ ಎರಡೂ ಸೇರಿ ಮೂರ್ಧನ್ಯ ಧ್ವನಿಯಾಗುತ್ತದೆ. ಬರವಣಿಗೆಯಲ್ಲಿ ‘ಬಾರ್ನ್’ ಎಂದಿರುವುದು ಬಾಯಲ್ಲಿ ‘ಬಾಣ್’ ಆಗುತ್ತದೆ, ‘ಬೂರ್ದ್’ ಎಂದಿರುವುದು ‘ಬೂಡ್’ ಆಗುತ್ತದೆ, ‘ಕಾರ್ಲ್’ ಎಂಬ ಹೆಸರು ‘ಕಾಳ್’ ಆಗುತ್ತದೆ. ಇಂಗ್ಲಿಷ್ ಅಥವಾ ಫ್ರೆಂಚ್ ಮಾತೃಭಾಷೆಯವರು ತಿಂಗಳುಗಟ್ಟಲೆ ಒದ್ದಾಡುವ ಈ ಧ್ವನಿಗಳು ನಮಗೆ ಹುಟ್ಟಿನಿಂದ ಬಂದ ಟ, ಡ, ಣ, ಳಗಳೇ. ನಾವು ಶಾಲೆಯಲ್ಲಿ ಕಲಿತು ಮಾತಿನಲ್ಲಿ ಹೆಚ್ಚುಕಡಿಮೆ ಮರೆತಿರುವ ಶ ಮತ್ತು ಷಗಳ ಭೇದಕ್ಕೂ ಅಲ್ಲಿ ಪುನರ್ಜನ್ಮ ಸಿಗುತ್ತದೆ: ‘ರ್ಸ್’ ಕೂಡಿದಲ್ಲಿ ಬರುವುದು ಷ, ‘ಕೊಳ್ಳು’ ಎಂಬರ್ಥದ ಕ್ರಿಯಾಪದದ ಮೊದಲಲ್ಲಿ ಬರುವುದು ನಮ್ಮ ಶಕ್ಕೆ ತೀರ ಹತ್ತಿರದ ಧ್ವನಿ. ಹ್ರಸ್ವ ದೀರ್ಘ ಸ್ವರಗಳ ವ್ಯತ್ಯಾಸವೂ ಹ್ರಸ್ವದ ನಂತರ ವ್ಯಂಜನ ಒತ್ತಾಗುವುದೂ ಕನ್ನಡದ ಕಿವಿಗೆ ಹೊಸದಲ್ಲ. ದಕ್ಷಿಣದ ಸ್ಕೋನೆ ಪ್ರಾಂತ್ಯಕ್ಕೆ ಹೋದರೆ ಮಾತ್ರ ಈ ಸವಲತ್ತು ಇಲ್ಲವಾಗುತ್ತದೆ, ಏಕೆಂದರೆ ಅಲ್ಲಿನವರ ‘ರ್’ ಗಂಟಲಿನಲ್ಲಿ ಹುಟ್ಟುವುದರಿಂದ ಮೂರ್ಧನ್ಯಗಳು ಅಲ್ಲಿ ಉಂಟಾಗುವುದೇ ಇಲ್ಲ. ಸ್ಕೋನೆಯಲ್ಲಿರುವ ಲುಂದ್‌ಗಿಂತ ಉಪ್ಸಾಲಾ ಅಥವಾ ಮಧ್ಯ ಸ್ವೀಡನ್ನಿನದೇ ಪ್ರಾಂತ್ಯವಾದ ದಾಲಾರ್ನಾ ಕಡೆಯ ಊರು ನಿಮಗೆ ವಾಸಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಕಷ್ಟಗಳು ಬೇರೆ ಕಡೆ ಇವೆ. ತುಟಿಗಳನ್ನು ದುಂಡಗೆ ಮಾಡಿ ‘ಇ’ ಎನ್ನುವಂಥ ಸ್ವರಗಳು ಕನ್ನಡದಲ್ಲಿಲ್ಲ. ಪದದ ಮೊದಲಿನ ಪ, ತ, ಕಗಳು ಸ್ವೀಡಿಷ್‌ನಲ್ಲಿ ಮಹಾಪ್ರಾಣದ ಕಡೆಗೆ ವಾಲುತ್ತವೆ, ಅವನ್ನು ನಮ್ಮಂತೆ ಮೆಲ್ಲಗೆ ನುಡಿದರೆ ಕೇಳುವವರಿಗೆ ಬ, ದ, ಗ ಎಂದಂತಾಗಿ ಗೊಂದಲವಾಗುತ್ತದೆ. ಒಂದೇ ಅಕ್ಷರಗಳ ಪದವನ್ನು ಎರಡು ಬಗೆಯ ಏರಿಳಿತದಲ್ಲಿ ನುಡಿದಾಗ ಅರ್ಥವೇ ಬೇರೆಯಾಗುವ ಉದಾಹರಣೆಗಳಿವೆ. ಆದರೆ ಇದರ ಬಗ್ಗೆ ಮೊದಲ ವರ್ಷ ತಲೆ ಕೆಡಿಸಿಕೊಳ್ಳಬೇಡಿ, ಸಂದರ್ಭವೇ ಅರ್ಥವನ್ನು ತಿಳಿಸಿಬಿಡುತ್ತದೆ. ವ್ಯಾಕರಣದಲ್ಲಿ ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಪ್ರತ್ಯಯ ಹತ್ತುವುದೇ ಇಲ್ಲ, ನಾನೂ ನೀನೂ ಅವರೂ ಒಂದೇ ರೂಪದಲ್ಲಿ ಹೋಗುತ್ತೇವೆ. ಬದಲಿಗೆ ಕ್ರಿಯಾಪದದ ಸ್ಥಾನ ಕಟ್ಟುನಿಟ್ಟು: ಸಾಮಾನ್ಯ ಹೇಳಿಕೆಯಲ್ಲಿ ಅದು ಎರಡನೆಯ ಸ್ಥಾನದಲ್ಲೇ ಇರಬೇಕು. ‘ಇವತ್ತು’ ಎಂಬ ಪದದಿಂದ ವಾಕ್ಯ ಆರಂಭಿಸಿದರೆ ‘ಇವತ್ತು ಹೋಗುತ್ತೇನೆ ನಾನು’ ಎಂಬ ಕ್ರಮ ಬರುತ್ತದೆ. ಕ್ರಿಯಾಪದವನ್ನು ಕೊನೆಗೆ ಇಟ್ಟು ರೂಢಿಯಾದ ನಾವು ಇದನ್ನು ಬರೆಯುವಾಗ ಸರಿಯಾಗಿ ಬರೆದರೂ ಮಾತಿನಲ್ಲಿ ಬಹಳ ದಿನ ಎಡವುತ್ತೇವೆ.

ಆ್ಯಪ್‌ನಿಂದ ಕಲಿತವರು ವಿಮಾನ ಇಳಿದ ದಿನವೇ ಎದುರಿಸುವ ಆಘಾತ ಇನ್ನೊಂದು. ಬರೆದ ಸ್ವೀಡಿಷ್‌ಗೂ ಆಡುವ ಸ್ವೀಡಿಷ್‌ಗೂ ಇರುವ ಅಂತರ, ‘ಬರುತ್ತೇನೆ’ ಎಂದು ಬರೆದು ‘ಬರ್ತೀನಿ’ ಎನ್ನುವ ನಮಗೆ ಅರ್ಥವಾಗದ ವಿಷಯವೇನಲ್ಲ, ಆದರೆ ಅದು ಎಲ್ಲೆಲ್ಲಿ ಆಗುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ಒಳ್ಳೆಯದು. ‘ಯಾಗ್’ ಎಂದು ಬರೆಯುವ ‘ನಾನು’ ಬರಿಯ ‘ಯಾ’ ಆಗುತ್ತದೆ, ‘ಇದ್ದೇನೆ, ಇದೆ’ ಎಂಬುದಕ್ಕೆಲ್ಲ ಬಳಸುವ ‘ಏರ್’ ಬರಿಯ ‘ಎ’ ಆಗುತ್ತದೆ, ‘ಮತ್ತು’ ಎಂಬರ್ಥದ ‘ಓಕ್’ ಬರಿಯ ‘ಒ’ ಆಗುತ್ತದೆ, ‘ಅವರು’ ಮತ್ತು ‘ಅವರನ್ನು’ ಎಂಬ ಎರಡು ಬೇರೆ ಬರಹರೂಪಗಳು ಬಾಯಲ್ಲಿ ಒಂದೇ ‘ದೊಮ್’ ಆಗುತ್ತವೆ. ಹೀಗಾಗಿ ಹೋಗುವ ಮೊದಲಿನ ತಯಾರಿಯಲ್ಲಿ ಓದುವುದಕ್ಕಿಂತ ಕೇಳುವುದಕ್ಕೆ ಹೆಚ್ಚು ಸಮಯ ಕೊಡಿ. ಆ್ಯಪ್ ಬಿಡಬೇಕೆಂದಿಲ್ಲ, ಆದರೆ ಅದೊಂದನ್ನೇ ನೆಚ್ಚಬೇಡಿ. ಸ್ವೀಡಿಷ್ ಇನ್‌ಸ್ಟಿಟ್ಯೂಟ್ ಆರಂಭಿಕ ಹಂತಗಳ ಆನ್‌ಲೈನ್ ಕೋರ್ಸನ್ನು ಉಚಿತವಾಗಿ ಒದಗಿಸುತ್ತದೆ, ವ್ಯಾಕರಣದ ಅಡಿಪಾಯಕ್ಕೆ ಅದು ಸಾಕು. ಸ್ವೀಡನ್ನಿನ ಸಾರ್ವಜನಿಕ ರೇಡಿಯೋ ಸರಳ ಸ್ವೀಡಿಷ್‌ನಲ್ಲಿ ಸುದ್ದಿ ಪ್ರಸಾರ ಮಾಡುತ್ತದೆ, 1984ರಲ್ಲಿ ಶುರುವಾದ ‘ಒಟ್ಟಾ ಸೀದೊರ್’ ಎಂಬ ಸುದ್ದಿಪತ್ರಿಕೆ ಸರಳ ಭಾಷೆಯಲ್ಲೇ ಬರುತ್ತದೆ, ಅಂತರಜಾಲದಲ್ಲಿ ಎರಡೂ ಸಿಗುತ್ತವೆ. ಸ್ವಲ್ಪ ಮುಂದುವರಿದ ಮೇಲೆ, 1959ರಿಂದ ಪ್ರತಿ ಬೇಸಿಗೆಯಲ್ಲಿ ದಿನಕ್ಕೊಬ್ಬ ಅತಿಥಿ ತನ್ನ ಬದುಕಿನ ಕತೆ ಹೇಳುತ್ತ ಹಾಡು ಹಾಕುವ ‘ಸೊಮ್ಮರ್’ ರೇಡಿಯೋ ಕಾರ್ಯಕ್ರಮ ಕೇಳಲು ಪ್ರಯತ್ನಿಸಿ. ಮರುದಿನ ಊಟದ ಮೇಜಿನಲ್ಲಿ ಮಾತೆತ್ತಲು ಅಷ್ಟು ಒಳ್ಳೆಯ ವಸ್ತು ಬೇರೊಂದಿಲ್ಲ.

ಎದುರಿನವರು ಇಂಗ್ಲಿಷಿಗೆ ಹೊರಳಿದಾಗ ಏನು ಮಾಡಬೇಕೆಂಬುದಕ್ಕೆ ಉತ್ತರ ಸರಳವಾಗಿದೆ. ‘ಯಾಗ್ ಲ್ಯಾರ್ ಮೇಯ್ ಸ್ವೆನ್ಸ್‌ಕಾ, ಕಾನ್ ವಿ ತಾ ದೆ ಪೋ ಸ್ವೆನ್ಸ್‌ಕಾ?’ ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ‘ಸ್ವೀಡಿಷ್ ಕಲಿಯುತ್ತಿದ್ದೇನೆ, ಸ್ವೀಡಿಷ್‌ನಲ್ಲೇ ಮಾತನಾಡೋಣವೇ’ ಎಂದು ಇದರ ತಾತ್ಪರ್ಯ. ಇದನ್ನು ಕೇಳಿ ಬೇಡವೆನ್ನುವವರು ವಿರಳ, ಹೆಚ್ಚಿನವರಿಗೆ ಸಂತೋಷವೇ ಆಗುತ್ತದೆ. ಆದರೆ ಸರದಿಯಲ್ಲಿ ಜನ ಕಾಯುತ್ತಿರುವ ಗಲ್ಲಾಪೆಟ್ಟಿಗೆಯ ಮುಂದೆ ಈ ಪ್ರಯೋಗ ಬೇಡ. ಅವಸರವಿಲ್ಲದ ಜನ ಇರುವ ಜಾಗಗಳನ್ನು ಹುಡುಕಬೇಕು. ಅಂಥವುಗಳಲ್ಲಿ ಮೊದಲನೆಯದು ಹೆಮ್‌ಬಿಗ್ಡ್ಸ್‌ಗೋಡ್, ಅಂದರೆ ಆಯಾ ಊರಿನವರೇ ಸಂಘ ಕಟ್ಟಿಕೊಂಡು ಹಳೆಯ ಮರದ ಮನೆ, ಕಣಜ, ಕಮ್ಮಾರಸಾಲೆಗಳನ್ನು ಉಳಿಸಿಕೊಂಡಿರುವ ಆವರಣ. ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಇವೆ. ಬೇಸಿಗೆಯಲ್ಲಿ ಇವುಗಳ ಅಂಗಳದಲ್ಲಿ ಊರಿನ ನಿವೃತ್ತರು ಕಾಫಿ ಮತ್ತು ವಾಫಲ್ ಮಾರುತ್ತ ಕೂತಿರುತ್ತಾರೆ. ಅವರಿಗೆ ಸಮಯವಿರುತ್ತದೆ, ತಮ್ಮ ಊರಿನ ಕತೆ ಹೇಳುವ ಹಂಬಲವಿರುತ್ತದೆ, ಕಿರಿಯರಷ್ಟು ಬೇಗ ಇಂಗ್ಲಿಷಿಗೆ ಜಾರುವ ಅಭ್ಯಾಸವೂ ಇರುವುದಿಲ್ಲ. ಬೇಸಿಗೆಯ ಹಳ್ಳಿರಸ್ತೆಗಳ ಬದಿಯಲ್ಲಿ ಹಳೆಯ ಸಾಮಾನು ಮಾರುವ ‘ಲೊಪ್ಪಿಸ್’ ಸಂತೆಗಳೂ ಹಾಗೆಯೇ, ಅಂಕಿಗಳನ್ನು ಕೇಳಿ ತಕ್ಷಣ ಅರ್ಥ ಮಾಡಿಕೊಳ್ಳುವ ಅಭ್ಯಾಸಕ್ಕೆ ಅದಕ್ಕಿಂತ ಕಠಿಣ ಪರೀಕ್ಷೆಯಿಲ್ಲ.

ಸಂಸ್ಕೃತಿಯನ್ನೂ ಕಲಿಯಬಹುದೇ ಎಂದು ಕೇಳಿದ್ದೀರಿ. ಕೋರ್ಸಿನ ಮಧ್ಯಾಹ್ನದ ಉಪನ್ಯಾಸಗಳಿಂದ ಚೌಕಟ್ಟು ಸಿಗುತ್ತದೆ, ಉಳಿದದ್ದನ್ನು ಕಾಲುಗಳೇ ಕಲಿಸಬೇಕು. ಮಿಡ್‌ಸೊಮ್ಮರ್ ಹಬ್ಬಕ್ಕೆ ಅಲ್ಲಿ ಇರುವಂತೆ ಪ್ರಯಾಣ ಹೊಂದಿಸಿ. 1953ರಿಂದ ಅದರ ಮುನ್ನಾದಿನ ಯಾವಾಗಲೂ ಜೂನ್ 19ರಿಂದ 25ರ ಒಳಗಿನ ಶುಕ್ರವಾರ ಬರುತ್ತದೆ. ಎಲೆ ಹೂಗಳಿಂದ ಸುತ್ತಿದ ಎತ್ತರದ ಕಂಬವನ್ನು ನಿಲ್ಲಿಸಿ ಸುತ್ತಲೂ ಕುಣಿಯುವ ಈ ಹಬ್ಬವನ್ನು ಸಿಲ್ಯಾನ್ ಸರೋವರದ ದಡದ ಲೆಕ್ಸಾಂದ್‌ನಲ್ಲಿ ಭಾರೀ ಜನಸಂದಣಿಯಲ್ಲಿ ನೋಡಬಹುದು. ಆದರೆ ಯಾವುದಾದರೂ ಮನೆಯವರು ಕರೆದರೆ ಸಂದಣಿಯನ್ನು ಬಿಟ್ಟು ಅಲ್ಲಿಗೇ ಹೋಗಿ. ಹೊಸ ಆಲೂಗಡ್ಡೆ, ಸಬ್ಬಸಿಗೆ, ಸ್ಟ್ರಾಬೆರಿ ನಿಮ್ಮ ಪಾಲಿಗೆ, ಉಪ್ಪಿನಲ್ಲಿಟ್ಟ ಹೆರಿಂಗ್ ಮೀನು ಅವರ ಪಾಲಿಗೆ. ಹಬ್ಬದ ಮುನ್ನಾದಿನವೂ ಮರುದಿನವೂ ಅಂಗಡಿ, ಬಸ್ಸುಗಳು ವಿರಳವಾಗುವುದರಿಂದ ಗುರುವಾರವೇ ದಿನಸಿ ತಂದಿಟ್ಟುಕೊಳ್ಳಬೇಕು. ಸ್ಟಾಕ್‌ಹೋಮಿನಲ್ಲಿ 1891ರಲ್ಲಿ ಆರ್ಟುರ್ ಹಾಸೇಲಿಯಸ್ ಸ್ಥಾಪಿಸಿದ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯಕ್ಕೆ ಒಂದಿಡೀ ದಿನ ಕೊಡಿ, ದೇಶದ ನಾನಾ ಭಾಗಗಳ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ರಾಜಕೀಯದಲ್ಲಿ ಆಸಕ್ತಿಯಿದ್ದರೆ ಗೋಟ್‌ಲಾಂಡ್ ದ್ವೀಪದ ವಿಸ್ಬಿಯಲ್ಲಿ ಜೂನ್ ಕೊನೆಯ ಹೊತ್ತಿಗೆ ನಡೆಯುವ ಅಲ್ಮೆದಾಲೆನ್ ವಾರವಿದೆ. 1968ರಲ್ಲಿ, ಮುಂದೆ ಸ್ವೀಡನ್ನಿನ ಪ್ರಧಾನಿಯಾದ ಉಲೋಫ್ ಪಾಲ್ಮೆ ಲಾರಿಯೊಂದರ ಹಿಂಬದಿಯಲ್ಲಿ ನಿಂತು ಮಾಡಿದ ಭಾಷಣದಿಂದ ಬೆಳೆದು ಬಂದ ಇದರಲ್ಲಿ ಪಕ್ಷನಾಯಕರು ಬಯಲಿನಲ್ಲಿ ಮಾತನಾಡುತ್ತಾರೆ, ಯಾರು ಬೇಕಾದರೂ ಹೋಗಿ ಕೇಳಬಹುದು. ಆ ದಿನಗಳಲ್ಲಿ ವಿಸ್ಬಿಯಲ್ಲಿ ಕೋಣೆ ಸಿಗುವುದು ಮಾತ್ರ ದುಸ್ತರ.

ಸಾರ್ವಜನಿಕ ನಡವಳಿಕೆಯ ಬಗ್ಗೆ ಒಂದೆರಡು ಮಾತು. ಪ್ರಾಧ್ಯಾಪಕರನ್ನೂ ಏಕವಚನದಲ್ಲಿ, ಹೆಸರು ಹಿಡಿದು ಕರೆಯುವುದು ಅಲ್ಲಿ ರೂಢಿ. 1967ರಲ್ಲಿ ಬ್ರೂರ್ ರೆಕ್ಸೆದ್ ಎಂಬ ಹಿರಿಯ ಅಧಿಕಾರಿ ತನ್ನ ಇಲಾಖೆಯ ಸಿಬ್ಬಂದಿಯನ್ನೆಲ್ಲ ಏಕವಚನದಲ್ಲೇ ಸಂಬೋಧಿಸುವುದಾಗಿ ಹೇಳಿದ್ದು ಈ ಬದಲಾವಣೆಯ ಗುರುತಾಗಿ ನೆನಪಿನಲ್ಲಿದೆ. ‘ಸರ್’ ಎನ್ನದೆ ಮಾತು ಶುರುಮಾಡಲು ನಮ್ಮವರಿಗೆ ವ್ಯಾಕರಣಕ್ಕಿಂತ ಹೆಚ್ಚು ಕಷ್ಟವಾಗುವುದನ್ನು ನೋಡಿದ್ದೇನೆ. ಮನೆಯೊಳಗೆ ಹೋಗುವಾಗ ಚಪ್ಪಲಿ ಬಿಡುವುದು ನಮಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ವಸತಿ ಸಮುಚ್ಚಯದ ಬಟ್ಟೆ ಒಗೆಯುವ ಕೋಣೆಗೆ ಮುಂಚೆಯೇ ಸಮಯ ಕಾದಿರಿಸಿ, ಆ ಸಮಯ ಮೀರದಂತೆ ಮುಗಿಸಬೇಕು. ಅಲ್ಲಿನ ಗೋಡೆಗೆ ನೆರೆಹೊರೆಯವರು ಅಂಟಿಸುವ ಸಿಟ್ಟಿನ ಚೀಟಿಗಳು ಮಾತ್ರ ಭಾಷೆ ಕಲಿಯುವವರಿಗೆ ಅಮೂಲ್ಯ ಪಠ್ಯ. ಜೊತೆಗೆ, ಸ್ವೀಡನ್ನಿನ ಸಂಸ್ಕೃತಿಯೆಂದರೆ ಒಂದೇ ಬಣ್ಣದ್ದಲ್ಲ ಎಂಬುದನ್ನೂ ನೆನಪಿಡಿ: 2009ರ ಭಾಷಾ ಕಾಯಿದೆ ಸ್ವೀಡಿಷ್ ಅನ್ನು ದೇಶದ ಮುಖ್ಯ ಭಾಷೆಯೆಂದು ಘೋಷಿಸಿದಾಗಲೇ ಸಾಮಿ, ಫಿನ್ನಿಷ್, ಮೆಯಾನ್‌ಕಿಯೆಲಿ, ರೊಮಾನಿ, ಯಿಡ್ಡಿಷ್ ಭಾಷೆಗಳ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನವನ್ನೂ ಎತ್ತಿಹಿಡಿಯಿತು.

ಸ್ವೀಡನ್ ಕೈಗೂಡದಿದ್ದರೆ ಫಿನ್‌ಲೆಂಡನ್ನೂ ಪರಿಗಣಿಸಬಹುದು. ಸ್ವೀಡಿಷ್ ಅಲ್ಲಿನ ಎರಡು ರಾಷ್ಟ್ರಭಾಷೆಗಳಲ್ಲಿ ಒಂದು, ಜನಸಂಖ್ಯೆಯ ಶೇಕಡಾ 5ರಷ್ಟು ಜನರಿಗೆ ಅದು ಮಾತೃಭಾಷೆ, ಓಲಾಂಡ್ ದ್ವೀಪಗಳಲ್ಲಂತೂ ಆಡಳಿತಭಾಷೆ ಅದೊಂದೇ. ಫಿನ್‌ಲೆಂಡಿನ ಸ್ವೀಡಿಷ್‌ನಲ್ಲಿ ಆ ಏರಿಳಿತದ ಕಾಟವಿಲ್ಲ, ಅಕ್ಷರಗಳನ್ನು ಬರೆದಂತೆ ಬಿಡಿಸಿ ನುಡಿಯುವುದು ಹೆಚ್ಚು, ಕೇಳಲು ಬಹಳ ಸ್ಪಷ್ಟ. ಆದರೂ ಮೊದಲ ಪ್ರಯಾಣಕ್ಕೆ ನಾನು ಸ್ವೀಡನ್ನನ್ನೇ ಹೇಳುತ್ತೇನೆ.

ವೀಸಾದ ವಿಷಯಕ್ಕೆ ಬಂದರೆ, ತೊಂಬತ್ತು ದಿನಗಳ ಒಳಗಿನ ಕೋರ್ಸಿಗೆ ಷೆಂಗೆನ್ ಅಲ್ಪಾವಧಿ ವೀಸಾ ಸಾಕು. ಅದಕ್ಕಿಂತ ಒಂದು ದಿನ ಹೆಚ್ಚಾದರೂ ವಾಸದ ಪರವಾನಗಿಯ ಬೇರೆಯೇ ಪ್ರಕ್ರಿಯೆಯಾಗುವುದರಿಂದ ಯೋಜನೆಯನ್ನು ಎಂಟು ವಾರಗಳ ಒಳಗೇ ಇಟ್ಟುಕೊಳ್ಳಿ. ವಯಸ್ಕರ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಗಳಿಗಿಂತ ತಡವಾಗಬಾರದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಪ್ರವಾಸಿಗರ ನೂಕುನುಗ್ಗಲಿರುವುದರಿಂದ ಮಾರ್ಚಿನಲ್ಲೇ ಮುಗಿಸಿಕೊಳ್ಳುವುದು ಜಾಣತನ. ಕೋರ್ಸಿನ ಪ್ರವೇಶಪತ್ರ, ಶುಲ್ಕ ಕಟ್ಟಿದ ರಸೀದಿ, ವಸತಿಯ ದಾಖಲೆ, ಖರ್ಚಿಗೆ ಹಣವಿದೆಯೆಂದು ತೋರಿಸುವ ಬ್ಯಾಂಕ್ ವಿವರ ಇವುಗಳ ಜೊತೆಗೆ, ನೀವು ಓದು ಮುಂದುವರಿಸಲು ಮರಳಿ ಬರುವವರೆಂದು ಸೂಚಿಸುವ ವಿಶ್ವವಿದ್ಯಾಲಯದ ಪತ್ರವನ್ನೂ ಇಡಿ. ವಿದ್ಯಾರ್ಥಿಗಳ ಅರ್ಜಿಯಲ್ಲಿ ಅದಕ್ಕೆ ತೂಕವಿದೆ. ಮೊದಲು ಕೋರ್ಸಿಗೆ ಸೇರಿಕೊಳ್ಳಬೇಕು, ಆಮೇಲೆ ವೀಸಾ, ಆದ್ದರಿಂದ ವೀಸಾ ಸಿಗದಿದ್ದರೆ ಶುಲ್ಕ ಹಿಂದಿರುಗಿಸುತ್ತಾರೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ.

ಊಟಕ್ಕೆ ಹೆದರಬೇಕಿಲ್ಲ. ವಸತಿಶಾಲೆಗಳೂ ಭೋಜನಶಾಲೆಗಳೂ ಮುಂಚಿತವಾಗಿ ತಿಳಿಸಿದರೆ ಸಸ್ಯಾಹಾರ ಕೊಡುತ್ತವೆ, ದಿನಸಿ ಅಂಗಡಿಗಳಲ್ಲಿ ಬೇಳೆಕಾಳು, ಅಕ್ಕಿ ಸಿಗುತ್ತವೆ, ‘ಫೀಲ್‌ಮ್ಯೊಲ್ಕ್’ ಎಂಬ ಹುಳಿ ಹಾಲನ್ನು ಅನ್ನಕ್ಕೆ ಕಲಸಿಕೊಂಡರೆ ಮೊಸರಿನ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಚೀಸ್ ಮತ್ತು ಮಿಠಾಯಿಗಳಲ್ಲಿ ಪ್ರಾಣಿಜನ್ಯ ಪದಾರ್ಥವಿರಬಹುದಾದ್ದರಿಂದ ಪೊಟ್ಟಣದ ಮೇಲಿನ ಚೀಟಿ ಓದಿ ನೋಡಿಯೇ ಕೊಳ್ಳಿ. ನೋಟುಗಳನ್ನು ಸ್ವೀಕರಿಸದ ಅಂಗಡಿಗಳು ಬಹಳ, ಅಲ್ಲಿನವರು ಬಳಸುವ ಮೊಬೈಲ್ ಪಾವತಿ ವ್ಯವಸ್ಥೆ ಸ್ಥಳೀಯ ಗುರುತಿನ ಸಂಖ್ಯೆಯಿಲ್ಲದೆ ನಡೆಯುವುದಿಲ್ಲ, ಹೀಗಾಗಿ ವಿದೇಶದಲ್ಲಿ ನಡೆಯುವ ಎರಡು ಕಾರ್ಡುಗಳಿರಲಿ. ಜೂನ್ ಕೊನೆಯಲ್ಲಿ ಸ್ಟಾಕ್‌ಹೋಮಿನ ಸುತ್ತ ಬೆಳಗಿನ ಮೂರೂವರೆಗೇ ಸೂರ್ಯ ಹುಟ್ಟಿ ರಾತ್ರಿ ಹತ್ತರ ಮೇಲೆ ಮುಳುಗುತ್ತಾನೆ, ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿಯಿಲ್ಲದೆ ನಿದ್ರೆ ಬರುವುದು ಕಷ್ಟ.

ಕೊನೆಯದಾಗಿ ಪ್ರಮಾಣಪತ್ರದ ವಿಚಾರ, ನೀವು ಕೇಳಿಲ್ಲವಾದರೂ ಮುಂದೆ ಬೇಕಾದೀತು. ಬೇಸಿಗೆ ಕೋರ್ಸಿನವರು ಕೊಡುವ ಹಾಜರಿ ಪತ್ರಕ್ಕೆ ಹೊರಗೆ ಅಷ್ಟೇನೂ ಬೆಲೆಯಿಲ್ಲ. ಎ2, ಬಿ1, ಬಿ2 ಹಂತಗಳಿಗೆ ‘ಸ್ವೆಡೆಕ್ಸ್’ ಎಂಬ ಪರೀಕ್ಷೆಯಿದೆ. ಸ್ವೀಡಿಷ್ ಮಾಧ್ಯಮದಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಪಡೆಯಬೇಕಾದವರಿಗೆ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ‘ಟಿಸುಸ್’ ಇದೆ, ಅದು ಬಹಳ ಮೇಲಿನ ಹಂತದ್ದು. ಒಂದು ಬೇಸಿಗೆಯ ನಂತರ ನಿಮಗೆ ಎಟುಕುವುದು ಸ್ವೆಡೆಕ್ಸ್‌ನ ಎ2, ಗಟ್ಟಿಯಾಗಿ ತಯಾರಾಗಿ ಹೋಗಿದ್ದರೆ ಬಹುಶಃ ಬಿ1. ಕೋರ್ಸಿನ ಕೊನೆಯ ವಾರದಲ್ಲಿ ಅಲ್ಲಿಯೇ ಪರೀಕ್ಷೆ ಬರೆಯುವ ಅವಕಾಶವಿದೆಯೇ ಎಂದು ಸೇರುವಾಗಲೇ ವಿಚಾರಿಸಿ, ಊರಿಗೆ ಮರಳಿದ ಮೇಲೆ ಅದಕ್ಕಾಗಿಯೇ ಮತ್ತೊಂದು ಪ್ರಯಾಣ ಮಾಡಬೇಕಾಗಿ ಬರಬಾರದು.